ಕಂಪ್ಯೂಟರಿಗೊಂದು ಖಸ್ ತಟ್ಟಿ

ಕಂಪ್ಯೂಟರಿಗೆ ಬೆವರು ಬರುವುದಿಲ್ಲ. ಬರುವ ಹಾಗಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಮ್ಮ ವಾಡಿಯಲ್ಲಿ ಬೇಸಿಗೆ ಬಂತೆಂದರೆ ಸ್ಟೇಶನ್ ಮಾಸ್ತರರಿಂದ ಹಿಡಿದು ನೀರಿನ ಕೊಡದ ತನಕ ಎಲ್ಲರೂ ಬೆವರುತ್ತಾರೆ, ಬೆವರಿ ತಣ್ಣಗಾಗುತ್ತಾರೆ, ಮತ್ತೆ ಕೆಲಸಕ್ಕೆ ಹತ್ತುತ್ತಾರೆ. ಈ ಯಂತ್ರ ಮಾತ್ರ ಒಳಗೊಳಗೇ ಕುದ್ದು, ಯಾರಿಗೂ ಒಂದು ಮಾತು ಹೇಳದೆ, ಒಮ್ಮೆಲೇ ತಲೆ ಕೆಡಿಸಿಕೊಂಡು ಕೂತುಬಿಡುತ್ತದೆ. ಇಂಥ ಸ್ವಭಾವದವರು ನಮ್ಮ ಮನೆಯಲ್ಲಿ ಮೊದಲೇ ಒಬ್ಬರಿದ್ದರು. (ಹೆಸರು ಹೇಳುವುದಿಲ್ಲ. ಅವರು ಈಗ ಅಡುಗೆಮನೆಯಲ್ಲಿದ್ದಾರೆ, ಕಿವಿ ಬಹಳ ಚುರುಕು.) ಎರಡನೆಯದನ್ನು ನಾನೇ ಕೈಯಾರೆ ಮಾಡಿ ಮನೆ ತುಂಬಿಸಿಕೊಂಡೆ.

ನಾನು ರೇವಣಪ್ಪ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆಯ ಸಿಗ್ನಲ್ ಖಾತೆಯಲ್ಲಿದ್ದೇನೆ. ತಂತಿಗೆ ತಂತಿ ಬೆಸೆಯುವುದು ನನ್ನ ಹೊಟ್ಟೆಪಾಡು. ಮನೆಗೆ ಬಂದ ಮೇಲೆ ಅದೇ ನನ್ನ ಹುಚ್ಚು. ರೇಡಿಯೋ ಮಾಡಿದ್ದೆ, ಕರೆಗಂಟೆ ಮಾಡಿದ್ದೆ (ಅದು ಯಾರೂ ಒತ್ತದಿದ್ದರೂ ಹೊಡೆದುಕೊಳ್ಳುತ್ತಿತ್ತು). ಎಂಬತ್ತಾರನೆಯ ಇಸವಿಯಲ್ಲಿ ಒಂದು ಮಾಸಪತ್ರಿಕೆಯಲ್ಲಿ ‘ಮನೆಯಲ್ಲೇ ಕಂಪ್ಯೂಟರ್ ತಯಾರಿಸಿ’ ಎಂಬ ಲೇಖನ ಓದಿದ್ದೇ ತಡ, ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಮದ್ರಾಸಿನವರು ಮಾಡುತ್ತಾರೆ, ಮುಂಬಯಿಯವರು ಮಾಡುತ್ತಾರೆ. ವಾಡಿ ಏನು ಕಡಿಮೆ? ಮೂರು ದಿಕ್ಕಿನ ರೈಲು ಬಂದು ನೀರು ಕುಡಿದು ಹೋಗುವ, ಸಿಮೆಂಟ್ ಕಾರ್ಖಾನೆಯ ಊರು! ಹೈದರಾಬಾದಿಗೆ ಹೋಗಿ ಬಿಡಿಭಾಗಗಳನ್ನು ತಂದು, ಕ್ವಾರ್ಟರ್ಸಿನ ಒಳಖೋಲಿಯ ಮೇಜಿನ ಮೇಲೆ ಹರವಿಕೊಂಡು, ಯುಗಾದಿಯ ಒಳ್ಳೇ ಮುಹೂರ್ತದಲ್ಲಿ ಆರಂಭಿಸಿದೆ. ಒಂದು ಹಲಗೆ, ಹಲಗೆಯ ಮೇಲೆ ಕಪ್ಪು ಜಿರಲೆಗಳ ಹಾಗೆ ಸಾಲಾಗಿ ಕೂತ ಚಿಪ್ಪುಗಳು, ಮುಂದೊಂದು ಗುಂಡಿಗಳ ಕೀಲಿಮಣೆ, ಎಲ್ಲಕ್ಕೂ ಸೇರಿ ಒಂದು ತಗಡಿನ ಪೆಟ್ಟಿಗೆ. ಮುಖ ಮಾತ್ರ ಇರಲಿಲ್ಲ. ಅದಕ್ಕೆ ಪಡಸಾಲೆಯ ಟೀವಿಯನ್ನೇ ಎತ್ತಿ ತಂದು ಜೋಡಿಸಿದೆ.

ಟೀವಿ ಹೋದ ಖಾಲಿ ಜಾಗವನ್ನು ನೋಡಿ ನನ್ನ ಧರ್ಮಪತ್ನಿ ಮಹಾದೇವಮ್ಮ ಒಳಖೋಲಿಯ ಬಾಗಿಲಲ್ಲಿ ಬಂದು ನಿಂತಳು.

“ಇದು ಏನ್ ಮಾಡ್ತದ?”

“ಲೆಕ್ಕ ಮಾಡ್ತದ.”

“ಯಾರ ಲೆಕ್ಕ?”

“ಯಾರದು ಬೇಕಾದ್ರೂ. ಹದಿನೇಳ ಹತ್ತೊಂಬತ್ಲೆ ಎಷ್ಟು ಅಂತ ಕೇಳು, ಕಣ್ಣ ಮುಚ್ಚಿ ತೆಗೆಯೂದ್ರಾಗ ಹೇಳ್ತದ.”

“ನಮ್ಮ ಮನ್ಯಾಗ ಹದಿನೇಳ ಹತ್ತೊಂಬತ್ಲೆ ಏನ್ ಅದಾ, ಹೇಳ್ರಿ ನೋಡೋಣು.”

ನಾನು ಮನೆಯಲ್ಲೆಲ್ಲ ಕಣ್ಣಾಡಿಸಿದೆ. ನಿಜ ಹೇಳಬೇಕೆಂದರೆ ಅಂಥದ್ದೇನೂ ಇರಲಿಲ್ಲ.

ಆದರೂ ಯಂತ್ರಕ್ಕೆ ಜೀವ ಬಂತು! ಒಂದು ಮಧ್ಯಾಹ್ನ ಸ್ವಿಚ್ ಹಾಕಿ, ನಾನೇ ಕಲಿತ ನಾಲ್ಕು ಸಾಲಿನ ಆಜ್ಞೆ ಕೊಟ್ಟೆ. ಟೀವಿಯ ತುಂಬ ಇಂಗ್ಲಿಷ್ ಅಕ್ಷರಗಳಲ್ಲಿ ರೇವಣಪ್ಪ, ರೇವಣಪ್ಪ, ರೇವಣಪ್ಪ ಎಂದು ಸಾಲುಗಟ್ಟಿ ಬಂತು. ನನ್ನ ಹೆಸರನ್ನು ಅಷ್ಟು ಸಲ, ಅದೂ ಸಿಟ್ಟಿಲ್ಲದೆ, ಆ ಮನೆಯಲ್ಲಿ ಯಾರೂ ಕರೆದಿರಲಿಲ್ಲ. ಕಣ್ಣು ಒದ್ದೆಯಾಯಿತು. ಪಕ್ಕದ ಮನೆಯ ಮಜೀದಸಾಬರನ್ನು ಕೂಗಿ ಕರೆದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬರುವಷ್ಟರಲ್ಲಿ ಅಕ್ಷರಗಳೆಲ್ಲ ಕಲಸಿ, ಅಂಬಲಿಯಾಗಿ, ಟೀವಿಯಲ್ಲಿ ಬರೀ ಚುಕ್ಕೆ ಗೆರೆ. ಪೆಟ್ಟಿಗೆ ಮುಟ್ಟಿದೆ. ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಇಲ್ಲಿಗೆ ಇದು ನನ್ನ ಮತ್ತು ಯಂತ್ರದ ಖಾಸಗಿ ವ್ಯವಹಾರ. ಆದರೆ ಆ ಬೇಸಿಗೆಯಲ್ಲಿ ಮಹಾದೇವಮ್ಮನಿಗೆ ಬೇರೆಯೇ ಒಂದು ಸಂಕಟವಿತ್ತು, ಅದನ್ನು ಹೇಳದಿದ್ದರೆ ನಿಮಗೆ ಕಥೆ ತಿಳಿಯುವುದಿಲ್ಲ. ನಮಗೆ ಒಬ್ಬಳೇ ಮಗಳು, ಜಗದೇವಿ. ಚಿಂಚೋಳಿಗೆ ಕೊಟ್ಟಿದ್ದೇವೆ. ಅವಳಿಗೀಗ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ಎಲ್ಲ ಕಡೆಯ ಪದ್ಧತಿ. ಆದರೆ ಚಿಂಚೋಳಿಯಲ್ಲಿ ಕುಬಸದ ದಿನ, ಸೀಮಂತದ ಉಡಿ ತುಂಬಿದ ಮೇಲೆ ನಾವು ಮಗಳನ್ನು ಕರೆದುಕೊಂಡು ಹೊರಡಬೇಕು ಅನ್ನುವಾಗ, ಅವಳ ಅತ್ತೆ ಸೂಗಮ್ಮನವರು ನಡುವೆ ಬಂದು ನಿಂತರು.

“ತಪ್ಪ ತಿಳೀಬ್ಯಾಡ್ರಿ ಬೀಗತಿ. ವಾಡಿ ಊರಲ್ಲ, ಭಟ್ಟಿ. ಮ್ಯಾಲ ಕಲ್ಲ ಚಪ್ಪಡಿ, ಕೆಳಗ ಕಲ್ಲ ಫರಸಿ, ನಡುವ ನಮ್ಮ ಸೊಸಿ. ಇಂಥಾ ಧಗಿಯಾಗ ಹೊಟ್ಟಿಲೆ ಇದ್ದಾಕಿನ ನಾ ಹ್ಯಾಂಗ ಕಳಸ್ಲಿ? ನಮ್ಮಲ್ಲಿ ಗಿಡ ಅವ, ಗುಡ್ಡ ಅವ, ಸಂಜಿಮುಂದ ಗಾಳಿ ಬರ್ತದ. ನಾ ಒಮ್ಮೆ ಬಂದು ನಿಮ್ಮ ಮನಿ ನೋಡ್ತೀನಿ. ಪೋರಿ ಮಲಗಲಿಕ್ಕ ತಂಪಂದು ಒಂದು ಜಾಗಾ ಇದ್ರ ಕಳಸ್ತೀನಿ. ಇಲ್ಲಂದ್ರ ಬಾಣಂತನ ಇಲ್ಲೇ.”

ಮಾತು ಕಡುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಬರುವಾಗ ಸೇಡಂನಲ್ಲಿ ರೈಲು ಹತ್ತಿದ ಮಹಾದೇವಮ್ಮ ಚಿತ್ತಾಪುರ ದಾಟುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಸೆರಗಿನಿಂದ ಒರೆಸಿಕೊಂಡದ್ದು ಬೆವರಲ್ಲ ಅಂತ ನನಗೆ ಗೊತ್ತಾಯಿತು. ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ. ಯಾಕೆಂದರೆ ಆ ಬೇಸಿಗೆಗೆ ಒಂದು ಕೂಲರ್ ತರೋಣ ಎಂದು ಅವಳು ಕೂಡಿಸಿಟ್ಟದ್ದೇ ಹೈದರಾಬಾದಿನಲ್ಲಿ ಚಿಪ್ಪು, ಹಲಗೆ, ಕೀಲಿಮಣೆಯಾಗಿ ಮಾರ್ಪಟ್ಟಿತ್ತು.

ಮನೆಗೆ ಬಂದು ಚೊಂಬು ನೀರು ಕುಡಿದವಳೇ ತೀರ್ಪು ಕೊಟ್ಟಳು. “ಮನ್ಯಾಗ ಇದ್ದದ್ದು ಒಂದೇ ತಂಪಿನ ಖೋಲಿ. ಬೇವಿನ ಗಿಡದ ನೆಳ್ಳ ಬೀಳೂದು ಅಲ್ಲೇ. ಬೀಗತಿ ಬರೂದ್ರಾಗ ನಿಮ್ಮ ಡಬ್ಬಿ ಹೊರಗ ಹೋಗಬೇಕು. ಇಲ್ಲಂದ್ರ ನಾನೇ ಚಿಂಚೋಳಿಗಿ ಹೋಗಿ ಬಾಣಂತನ ಮಾಡ್ತೀನಿ. ನಿಮಗ ರೊಟ್ಟಿ ನಿಮ್ಮ ಡಬ್ಬಿ ಬಡೀಲಿ.”

“ಆಯ್ತು ಮಾರಾಯ್ತಿ. ಅದು ಒಂದು ದಿನ ತಣ್ಣಗ ನಡೀಲಿ, ಆಮ್ಯಾಲ ನಾನೇ ತೆಗೀತೀನಿ” ಎಂದೆ. ಮನಸ್ಸಿನಲ್ಲೂ ಹಾಗೇ ಅಂದುಕೊಂಡಿದ್ದೆ, ದೇವರಾಣೆ.

ಅಲ್ಲಿಂದ ನಮ್ಮ ಮನೆಯಲ್ಲಿ ಶೀತಲೀಕರಣ ಪರ್ವ ಆರಂಭವಾಯಿತು.

ಬಿಸಿಯಾಗುವ ಭಾಗಕ್ಕೆ ಅಲ್ಯೂಮಿನಿಯಂ ತಗಡು ಬಿಗಿದರೆ ಕಾವು ತಗಡಿಗೆ ಹರಿದು ಗಾಳಿಗೆ ಹೋಗುತ್ತದೆ, ಅದಕ್ಕೆ ಹೀಟ್ ಸಿಂಕ್ ಎನ್ನುತ್ತಾರೆ ಎಂದು ಪತ್ರಿಕೆ ಹೇಳಿತ್ತು. ತಗಡು ಎಲ್ಲಿಂದ ತರುವುದೆಂದು ಹೇಳಿರಲಿಲ್ಲ. ಅದನ್ನು ನಾನೇ ಅಡುಗೆಮನೆಯಲ್ಲಿ ಹುಡುಕಿ, ಕತ್ತರಿಸಿ, ಬಿಗಿದೆ.

“ಹಾಲಿನ ಬೋಗಾಣಿ ಮುಚ್ಚಳ ಎಲ್ಲಿ ಹೋಯ್ತು?” ಎಂದಳು ಮಹಾದೇವಮ್ಮ ಮರುದಿನ.

“ಅದು ಈಗ ಹೀಟ್ ಸಿಂಕ್ ಆಗ್ಯಾದ.”

“ಆಗ್ಲಿ, ಪಾಪ. ಹಾಲು ಬೆಕ್ಕಿನ ಹೊಟ್ಟಿ ಆಗ್ಯಾದ. ಎಲ್ಲಾರೂ ಉದ್ಧಾರ ಆಗಲಿಕತ್ತಾರ ನೋಡ್ರಿ ಈ ಮನ್ಯಾಗ, ನನ್ನ ಬಿಟ್ಟು.”

ಮುಚ್ಚಳದ ತ್ಯಾಗದಿಂದ ಯಂತ್ರ ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ನಡೆಯಿತು. ಸಾಲದು. ಪೆಟ್ಟಿಗೆಯ ಮೇಲ್ಮುಚ್ಚಳ ತೆಗೆದಿಟ್ಟು, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಎದೆಗೆ ಮುಖಾಮುಖಿ ಇಟ್ಟೆ. ಮಹಾದೇವಮ್ಮ ಹಳೇ ಈಚಲ ಬೀಸಣಿಗೆ ಹುಡುಕಿಕೊಂಡಳು. ಊಟಕ್ಕೆ ಕೂತಾಗ ನನಗೆ ಬೀಸುತ್ತ, ನಡುನಡುವೆ ಅದರ ಹಿಡಿಕೆಯಿಂದ ನನ್ನ ಬೆನ್ನಿಗೆ ಒಂದು ತಾಗಿಸುತ್ತ, “ನನಗೂ ಎಲ್ಲೆರೆ ಒಂದು ತಗಡ ಬಿಗೀರಿ. ನನ್ನ ಕಾವೂ ಗಾಳಿಗಿ ಹೋಗ್ಲಿ” ಎನ್ನುತ್ತಿದ್ದಳು. (ಆ ಕಾವು ಇಳಿಸುವ ತಗಡು ಇನ್ನೂ ಹುಟ್ಟಿಲ್ಲ.)

ಫ್ಯಾನಿನ ಗಾಳಿ ಮಧ್ಯಾಹ್ನಕ್ಕೆ ತಾನೇ ಕಾದು ಬೆಂಕಿಯ ಝಳವಾಗುತ್ತಿತ್ತು. ಆಗ ನನಗೆ ನೀರಿನ ರಂಜಣಗಿ ಕಣ್ಣಿಗೆ ಬಿತ್ತು. ಅಡುಗೆಮನೆಯ ಮೂಲೆಯಲ್ಲಿ ಶಾಬಾದಿ ಕಲ್ಲಿನ ಕಟ್ಟೆ, ಅದರ ಮೇಲೆ ಒದ್ದೆ ಮರಳು, ಮರಳಿನಲ್ಲಿ ಆ ದೊಡ್ಡ ಮಣ್ಣಿನ ಗಡಿಗೆ. ಇಡೀ ವಾಡಿ ಕುದಿಯುವಾಗ ಅದರೊಳಗಿನ ನೀರು ಮಾತ್ರ ಹಲ್ಲು ಜುಮ್ಮೆನ್ನಿಸುತ್ತದೆ. ಪ್ರಕೃತಿಯೇ ಕೊಟ್ಟ ವಿಜ್ಞಾನ! ರಂಜಣಗಿಯನ್ನು ವರಾಂಡಕ್ಕೆ ದಾಟಿಸಿ, ಆ ಜಾಗದಲ್ಲಿ ಯಂತ್ರವನ್ನು ಪ್ರತಿಷ್ಠಾಪಿಸಿದೆ. ಮಧ್ಯಾಹ್ನ ಬಾಯಾರಿ ಬಂದ ಮಹಾದೇವಮ್ಮ ವರಾಂಡದ ರಂಜಣಗಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಬಾಯಿಗಿಟ್ಟಳು. ಅದಕ್ಕೆ ಚಹಾಪುಡಿ ಹಾಕುವುದೊಂದು ಬಾಕಿ ಇತ್ತು. ಮುಂದೆ ನಡೆದದ್ದನ್ನು ಬರೆಯುವುದು ಬೇಡ. ಯಂತ್ರ ಒಳಖೋಲಿಯ ಮೇಜಿಗೆ, ರಂಜಣಗಿ ಅದರ ಕಟ್ಟೆಗೆ, ನಾನು ಡ್ಯೂಟಿಗೆ, ಎಲ್ಲರೂ ತಂತಮ್ಮ ಸ್ಥಾನಕ್ಕೆ ಹೋದೆವು.

ಮಜೀದಸಾಬರು ನಿವೃತ್ತ ಗಾರ್ಡ್. ನಿಜಾಮರ ಕಾಲದ ರೈಲಿಗೆ ಹಸಿರು ಬಾವುಟ ತೋರಿಸಿದವರು. ಯಂತ್ರದ ಮುಖದ ಮೇಲೆ ನನ್ನ ಹೆಸರು ನೋಡಲು ಮೂರು ಸಲ ಚಪ್ಪಲಿ ಮೆಟ್ಟಿಕೊಂಡು ಬಂದು, ಮೂರು ಸಲವೂ ಬರೀ ಚುಕ್ಕೆ ನೋಡಿ ಹೋದ ಅವರಿಗೂ ಈಗ ಹಟ ಹುಟ್ಟಿತ್ತು.

“ಅರೇ ರೇವಣಪ್ಪಾ, ಮೊದ್ಲೆಲ್ಲಾ ಫಸ್ಟ್ ಕ್ಲಾಸ್ ಡಬ್ಬಿಗಿ ಏನ್ ಮಾಡ್ತಿದ್ರು ಗೊತ್ತದೇನು? ಖಿಡಕಿಗಿ ಖಸ್ ತಟ್ಟಿ ಕಟ್ಟಿ ನೀರ ಹೊಡೀತಿದ್ರು. ಹೊರಗ ಬೆಂಕಿಯಂಥಾ ಗಾಳಿ, ಒಳಗ ಸಾಹೇಬ ಕಂಬಳಿ ಹೊದ್ಕೊಂಡ ಮಲಗತಿದ್ದ! ನಿನ್ನ ಕಂಪ್ಯೂಟರ್ ಏನ್ ಆ ಸಾಹೇಬಗಿಂತ ನಾಜೂಕೇನು?”

“ಅಷ್ಟೇ ನಾಜೂಕ ಅದಾರಿ ಸಾಬ್ರೇ. ಬರೇ ತೊಂದ್ರಿ ಕೊಡೂದು, ಕೆಲಸ ಇಲ್ಲ.”

“ಹಂಗಾದ್ರ ಅದಕ್ಕ ಖಸ್ ತಟ್ಟೀನೇ ಬೇಕು.”

ಹೀಗೆ ನಾವಿಬ್ಬರೂ ಸೇರಿ ಮಹಾಕಾರ್ಯ ಹೂಡಿದೆವು. ಒಂದು ದೊಡ್ಡ ತಗಡಿನ ಪೆಟ್ಟಿಗೆಗೆ ಮೂರು ಕಡೆ ಲಾವಂಚದ ಬೇರಿನ ತಟ್ಟಿ, ಒಳಗೆ ಹಳೇ ಮೋಟರಿಗೆ ಹಚ್ಚಿದ ದೊಡ್ಡ ಫ್ಯಾನು, ಮೇಲೆ ತೂತು ಕೊರೆದ ನೀರಿನ ತೊಟ್ಟಿ. ಕೊಡದಿಂದ ತೊಟ್ಟಿಗೆ ನೀರು ಸುರಿದರೆ ಅದು ತಟ್ಟಿಯ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆ ಬೇರಿನೊಳಗಿಂದ ಗಾಳಿ ತಣ್ಣಗಾಗಿ ಒಳಗೆ ಬರುತ್ತದೆ. ಅಂಗಡಿಯ ಕೂಲರ್ ಇದರ ಮುಂದೆ ಮಗು. ಇದನ್ನು ಒಳಖೋಲಿಯ ಕಿಟಕಿಯಲ್ಲಿ ಭದ್ರವಾಗಿ ಕೂರಿಸಿ, ಬಾಯಿ ಸರಿಯಾಗಿ ಮೇಜಿನ ಮಟ್ಟಕ್ಕೆ ಬರುವಂತೆ, ಗಾಳಿ ನೇರ ಯಂತ್ರದ ಎದೆಗೇ ತಾಗುವಂತೆ ಜೋಡಿಸಿದೆ.

ಬೆಳಿಗ್ಗೆ ಚಾಲೂ ಮಾಡಿದೆವು. ಭರ್ರ್ ಎಂದು ತಂಪು ನುಗ್ಗಿತು, ಜೊತೆಗೆ ಲಾವಂಚದ ಘಮ. ಟೀವಿಯ ತುಂಬ ರೇವಣಪ್ಪ, ರೇವಣಪ್ಪ. ಮಜೀದಸಾಬರು ಬಂದು ನೋಡಿದರು, ಚಹಾ ಕುಡಿದರು, ಎರಡನೇ ಚಹಾ ಕುಡಿದರು, ಮನೆಗೆ ಹೋಗಿ ನಮಾಜು ಮುಗಿಸಿ ಮತ್ತೆ ಬಂದರು. ರೇವಣಪ್ಪ ಹಾಗೇ ಇದ್ದ! ಗಾಳಿಯ ಜೊತೆ ಒಂದಿಷ್ಟು ತುಂತುರು ಹನಿಯೂ ತೆರೆದ ಪೆಟ್ಟಿಗೆಯೊಳಗೆ ಹಾರುತ್ತಿತ್ತು. ಗಂಗೆ ತಾನಾಗಿ ಅಭಿಷೇಕ ಮಾಡುತ್ತಿದ್ದಾಳೆ ಎಂದು ನಾನು ಕೈಮುಗಿದೆ.

ಮಹಾದೇವಮ್ಮ ಬಾಗಿಲಲ್ಲಿ ನಿಂತಳು. ತಂಪು ಮುಖಕ್ಕೆ ತಾಗಿದ್ದೇ ಅವಳ ಹುಬ್ಬಿನ ಗಂಟು ಬಿಚ್ಚಿತು.

“ಯಪ್ಪಾ, ಎಷ್ಟ ತಂಪ ಅದಾ! ಈಗ ಆ ಡಬ್ಬಿ ತೆಗೀರಿ. ಪೋರಿಗಿ ಮಂಚ ಹಾಕ್ತೀನಿ.”

“ಅಲ್ಲ ಮಹಾದೇವಿ, ಈ ತಂಪ ಆಗಿದ್ದೇ ಅದರ ಸಲುವಾಗಿ. ಈಗೀಗ ನಡೀಲಿಕತ್ತದ. ಇನ್ನೊಂದ್ ವಾರ...”

“ನಿಮಗ ಡಬ್ಬಿ ಹೆಚ್ಚೋ ಮಗಳ ಹೆಚ್ಚೋ?”

“ಹಂಗೆಲ್ಲಾ ಕೇಳಬಾರ್ದು.”

“ಕೇಳೂದೇ. ಬಾಯಿ ಬಿಟ್ಟ ಹೇಳ್ರಿ.”

ಬಾಯಿ ಬಿಡುವಷ್ಟರಲ್ಲಿ ಅಂಗಳದಿಂದ ಒಂದು ದನಿ ಬಂತು. “ಬೀಗತೀ... ಮನ್ಯಾಗಿದ್ದೀರೇನ್ರಿ? ಯವ್ವಾ ಶಿವನೇ, ಇದೇನ್ ಬಿಸಲೋ, ಜೀವ ಹೋಯ್ತು!”

ಸೂಗಮ್ಮನವರು! ಹೇಳದೆ ಕೇಳದೆ ಚಿಂಚೋಳಿಯಿಂದ ಬಸ್ಸು, ಸೇಡಂನಿಂದ ಪ್ಯಾಸೆಂಜರ್ ರೈಲು ಹಿಡಿದು ನಡುಮಧ್ಯಾಹ್ನಕ್ಕೆ ಬಂದು ಇಳಿದಿದ್ದರು. ಮುಖ ಕೆಂಡವಾಗಿತ್ತು. ಬಂದವರೇ ಪಡಸಾಲೆಯ ಫರಸಿಗೆ ಕಾಲಿಟ್ಟು, ಕಾಲು ಎತ್ತಿಕೊಂಡು, “ನೋಡ್ರಿ, ನಾ ಹೇಳಿದ್ದು ಇದೇ. ಭಟ್ಟಿ!” ಎಂದರು. ಮಹಾದೇವಮ್ಮನ ಮುಖ ಬಾಡಿತು. ಬೀಗತಿಗೆ ಕೂರಲು ಎಲ್ಲಿ ಹೇಳುವುದು? ಇದ್ದದ್ದು ಒಂದೇ ಜಾಗ. ಕೈ ಹಿಡಿದು ಒಳಖೋಲಿಗೆ ಕರೆತಂದಳು.

ಸೂಗಮ್ಮನವರು ಹೊಸ್ತಿಲಲ್ಲಿ ನಿಂತುಬಿಟ್ಟರು. ಕಣ್ಣು ಮುಚ್ಚಿದರು. ಆಮೇಲೆ ಒಳಗೆ ಬಂದು, ಕೂಲರಿನ ಎದುರಿಗೆ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತರು. ಮೂರೂ ಜನ ಅವರ ಬಾಯನ್ನೇ ನೋಡುತ್ತ ನಿಂತೆವು.

“ಬೀಗತಿ” ಎಂದರು ಕೊನೆಗೆ, “ನಮ್ಮ ಚಿಂಚೋಳಿ ಅಡವ್ಯಾಗೂ ಇಂಥಾ ತಂಪ ಇಲ್ಲ. ಇದೇನ್ ಮಾಡೀರಿ ಇಲ್ಲಿ?”

ಮಹಾದೇವಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. “ನಾ ಎಲ್ಲಿ ಮಾಡ್ಲಿರಿ? ಎಲ್ಲಾ ನಿಮ್ಮ ಬೀಗರೇ ಮಾಡ್ಯಾರ. ಮಗಳು ಬರ್ತಾಳ, ಆಕಿಗಿ ಝಳ ತಾಗಬಾರ್ದು ಅಂತ ಯುಗಾದಿಯಿಂದ ಊಟಿಲ್ಲ, ನಿದ್ದಿಲ್ಲ, ಇದೇ ಖೋಲ್ಯಾಗ ನಿಂತು ಕೈಯಾರೆ ಮಾಡ್ಯಾರ.”

ಊಟವಿಲ್ಲ, ನಿದ್ದೆಯಿಲ್ಲ, ಇದೇ ಖೋಲಿ, ಕೈಯಾರೆ. ಒಂದು ಮಾತೂ ಸುಳ್ಳಲ್ಲ ನೋಡಿ. ಮಜೀದಸಾಬರು ಗಡ್ಡ ನೀವಿಕೊಳ್ಳುತ್ತ ಸೂರು ನೋಡಿದರು.

ಸೂಗಮ್ಮನವರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. “ಹಡೆದ ತಾಯಿ ಮಾಡ್ತಾಳ ಬೀಗರ, ಅದು ಖರೆ. ಮಗಳ ಸಲುವಾಗಿ ಇಷ್ಟ ಮಾಡೂ ತಂದಿನ ನಾ ನೋಡಿಲ್ಲ. ನಮ್ಮಪ್ಪ ನನ್ನ ಬಾಣಂತನದಾಗ ಒಂದ್ ಸಲಾನೂ ಬಂದ ಇಣಕಿ ನೋಡಿರಲಿಲ್ಲ.”

ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆ ಖೋಲಿಯಲ್ಲಿ ಆಗ ಬಿಸಿಯಾಗಿದ್ದವನು ನಾನೊಬ್ಬನೇ. ಅಷ್ಟರಲ್ಲಿ ಅವರ ನೋಟ ಮೇಜಿನ ಮೇಲೆ ಹೋಯಿತು. “ಅದೇನ್ರಿ, ಗಾಳಿಗಿ ಅಡ್ಡ ಕುಂತಾದಲ್ಲ? ಟೀವ್ಯಾಗ ಏನೇನೋ ಬರ್ಲಿಕತ್ತದ.”

ಮಹಾದೇವಮ್ಮ ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ಮೂವತ್ತು ವರ್ಷದ ಅಭ್ಯಾಸ. ಇದು ಬೇಡಿಕೊಳ್ಳುವ ನೋಟ. ರೈಲಿನ ಕಿಟಕಿಯಲ್ಲಿ ಕಂಡ ಮುಖ. ಇದು ಕಂಪ್ಯೂಟರ್, ಈ ತಂಪೆಲ್ಲ ಇದಕ್ಕಾಗಿ ಎಂದು ಒಂದು ಮಾತು ಬಾಯಿ ಜಾರಿದರೆ ಸಾಕು, ಮಗಳು ಬರುವುದಿಲ್ಲ. ವಾಡಿಯ ಮೊಟ್ಟಮೊದಲ ಕಂಪ್ಯೂಟರ್, ನನ್ನ ಹೆಸರನ್ನು ಎದೆಯ ಮೇಲೆ ಬರೆದುಕೊಂಡು, ಆಗಷ್ಟೇ ತಣ್ಣಗೆ ಕೂತಿತ್ತು.

“ಅದೇನೂ ಅಲ್ರಿ ಬೀಗತಿ” ಎಂದೆ. “ಹಳೇ ಡಬ್ಬಿ. ಅಡ್ಡ ಆಗ್ಯಾದ. ಈಗ ತೆಗೀತೀನಿ.”

ನಾನೇ ಸ್ವಿಚ್ ಆರಿಸಿದೆ, ನಾನೇ ತಂತಿ ಕಿತ್ತೆ. ಟೀವಿಯಿಂದ ರೇವಣಪ್ಪ ಮಾಯವಾದ. ಪೆಟ್ಟಿಗೆಯನ್ನು ಎತ್ತಿ, ಮುಚ್ಚಳ ಹಾಕಿ, ಹಿತ್ತಲಿನ ಬೇವಿನ ಗಿಡದ ಬುಡದಲ್ಲಿ ಇಟ್ಟು, ಬಿಸಿಲು ತಾಗಬಾರದೆಂದು ಒಂದು ಒದ್ದೆ ಗೋಣಿಚೀಲ ಹೊದಿಸಿ ಬಂದೆ. ಸಾಕಿದ ಕರುವನ್ನು ಸಂತೆಯಲ್ಲಿ ಬಿಟ್ಟುಬಂದ ಹಾಗಾಯಿತು. ಒಳಗೆ ಬಂದರೆ ಸೂಗಮ್ಮನವರು ಗೊರಕೆ ಹೊಡೆಯುತ್ತಿದ್ದರು.

ಅವರು ಆ ದಿನ ಉಳಿದರು, ಮಾರನೆಯ ದಿನವೂ ಉಳಿದರು. ತಂಪು ಬಿಟ್ಟು ಎದ್ದು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಮೂರನೆಯ ದಿನ ಅವರನ್ನು ರೈಲು ಹತ್ತಿಸಿ ಬಂದವನೇ ಹಿತ್ತಲಿಗೆ ಓಡಿದೆ. ಪೆಟ್ಟಿಗೆ ಎತ್ತಹೋದರೆ ಅದು ಮೊದಲಿಗಿಂತ ಎಷ್ಟೋ ಭಾರ. ಮುಚ್ಚಳ ತೆರೆದೆ. ಒಳಗೆ ಚಿಪ್ಪು ಇರಲಿಲ್ಲ, ಹಲಗೆ ಇರಲಿಲ್ಲ, ಹಾಲಿನ ಬೋಗಾಣಿಯ ಮುಚ್ಚಳವೂ ಇರಲಿಲ್ಲ. ಅಂಚಿನ ತನಕ ನುಣ್ಣಗೆ, ಬೂದು ಬಣ್ಣದ ಗಟ್ಟಿ ಕಲ್ಲು! ಕೀಲಿಮಣೆಯ ಗುಂಡಿಗಳು ಮಾತ್ರ ಹೊರಗೆ ಇಣುಕುತ್ತಿದ್ದವು.

ವಾಡಿಯ ಗಾಳಿಯಲ್ಲಿ ಕಾರ್ಖಾನೆಯ ಸಿಮೆಂಟಿನ ಪುಡಿ ಹೇಗೆ ಇರುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ. ಗಿಡದ ಎಲೆ, ಒಣಹಾಕಿದ ಅಂಗಿ, ಮುದುಕರ ಹುಬ್ಬು, ಎಲ್ಲದರ ಮೇಲೂ ಅದೇ. ಮುಚ್ಚಳ ತೆರೆದ ಪೆಟ್ಟಿಗೆಗೆ ನಾನು ವಾರಗಟ್ಟಲೆ ಫ್ಯಾನಿಟ್ಟು ಆ ಪುಡಿಯನ್ನು ತುಂಬಿದ್ದೆ. ಮೇಲೆ ಖಸ್ ತಟ್ಟಿಯ ತುಂತುರು, ಅದರ ಮೇಲೆ ಒದ್ದೆ ಗೋಣಿ. ಯಾವ ಗೌಂಡಿಯೂ ತನ್ನ ಸ್ಲ್ಯಾಬಿಗೆ ಇಷ್ಟು ಮುತುವರ್ಜಿಯಿಂದ ನೀರುಣಿಸುವುದಿಲ್ಲ.

ಮಹಾದೇವಮ್ಮ ಬಂದು ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ, ಬಗ್ಗಿ ಬೆರಳಿಂದ ತಟ್ಟಿದಳು. ಟಣ್ ಎಂದಿತು. “ಬ್ಯಾರೆ ಊರಾಗ ಧೂಳ ಏಳಬಾರ್ದಂತ ಅಂಗಳಕ್ಕ ಮೊದ್ಲು ನೀರ ಹೊಡದು ಆಮ್ಯಾಲ ಕಸ ಹೊಡೀತಾರ. ವಾಡ್ಯಾಗ ಮೊದ್ಲು ಕಸ, ಆಮ್ಯಾಲ ನೀರು, ಇಲ್ಲಂದ್ರ ಧೂಳೆಲ್ಲಾ ಕಲ್ಲಾಗ್ತದ. ಇಲ್ಲಿ ಮೂರು ವರ್ಷದ ಕೂಸಿಗೂ ಗೊತ್ತದ ಇದು” ಎಂದಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, “ಬರ್ರಿ ಒಳಗ, ಮಜ್ಜಿಗಿ ಕೊಡ್ತೀನಿ” ಎಂದಳು. ಮಜ್ಜಿಗೆಗೆ ಉಪ್ಪು ಹಾಕಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮುಂದಿನ ಸೋಮವಾರ ಜಗದೇವಿ ಬಂದಳು. ಮಹಾದೇವಮ್ಮ ಬಾಗಿಲಲ್ಲೇ ಕೈಕಾಲಿಗೆ ನೀರು ಕೊಟ್ಟು, ದೃಷ್ಟಿ ತೆಗೆದು, ಅತ್ತು, ನಕ್ಕು, ಮಗಳನ್ನು ಒಳಗೆ ಕರೆದುಕೊಂಡಳು. ಹಿಂದೆಯೇ ಸೂಗಮ್ಮನವರೂ ಇಳಿದರು. “ಸೊಸಿ ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ? ತೊಟ್ಟಲ ಆಗೋ ತನಕ ನಾನೂ ಇಲ್ಲೇ ಇರ್ತೀನಿ” ಎಂದು ತಮ್ಮ ಗಂಟನ್ನು ಸೀದಾ ಒಳಖೋಲಿಗೇ ಒಯ್ದಿಟ್ಟರು. ತಂಪಿನ ಖೋಲಿಯಲ್ಲಿ ಹೆಂಗಸರು ಮೂವರು. ನನಗೆ ವರಾಂಡ ಮತ್ತು ನೀರಿನ ಕೊಡ. ತೊಟ್ಟಿ ಬರಿದಾದಾಗೆಲ್ಲ ಒಳಗಿನಿಂದ “ಬೀಗರ, ನೀರು” ಎಂಬ ಆಜ್ಞೆ ಬರುತ್ತಿತ್ತು. ಆಜ್ಞೆ ಕೊಟ್ಟರೆ ನಡೆಯುವ ಯಂತ್ರವೊಂದು ಕೊನೆಗೂ ನಮ್ಮ ಮನೆಗೆ ಬಂತು ಅನ್ನಿ.

ಮರುದಿನ ಮಧ್ಯಾಹ್ನ ಕೊಡ ಇಳಿಸಿ ಒಳಗೆ ಹೋದರೆ ಜಗದೇವಿ ಒಬ್ಬಳೇ ಮಂಚದ ಮೇಲಿದ್ದಳು. ಮುಖ ಬೆವರಿತ್ತು. ನನಗೆ ಆಶ್ಚರ್ಯವಾಯಿತು.

“ಯಾಕವ್ವ, ಗಾಳಿ ಬರ್ಲಿಕತ್ತಿಲ್ಲೇನು?”

“ಬರ್ಲಿಕತ್ತದ, ನನ್ನ ತಲಿ ಮ್ಯಾಲ ಹಾದು ಗ್ವಾಡಿಗಿ ಬಡೀಲಿಕತ್ತದ” ಎಂದಳು. ಆಮೇಲೆ ಕೂಲರಿನ ಬಾಯನ್ನೂ ಮೂಲೆಗೆ ಸರಿಸಿದ್ದ ಮೇಜನ್ನೂ ನನ್ನನ್ನೂ ಒಂದೊಂದಾಗಿ ನೋಡಿ, ದನಿ ತಗ್ಗಿಸಿ, “ಇದು ನನ್ನ ಸಲುವಾಗಿ ಮಾಡಿದ್ದಂತ ಹೌದಾ ಅಪ್ಪಾ? ಹಂಗಾದ್ರ ನಾ ಮೇಜಿನ ಮ್ಯಾಲ ಮಲಗಬೇಕೇನು?”

ಸಿಗ್ನಲ್ ಖಾತೆಯವನ ಮಗಳು! ಅವಳು ಸೆರಗು ಬಾಯಿಗಿಟ್ಟುಕೊಂಡು ಹೊಟ್ಟೆ ಕುಲುಕುವ ಹಾಗೆ ನಕ್ಕಳು. ನಗುವಾಗ ಅವಳು ಇನ್ನೂ ಪುಟ್ಟ ಹುಡುಗಿಯೇ. ನನಗೆ ಅಳು ಬಂದುಬಿಟ್ಟಿತು, ತಂಪಿಗೆ ಮೂಗು ಸೋರಿತು ಎಂದು ಹೇಳಿ ಒರೆಸಿಕೊಂಡೆ.

“ಅತ್ತಿ ಮುಂದ ಅನಬ್ಯಾಡ ತಾಯಿ” ಎಂದೆ. ಕಿಟಕಿಯಲ್ಲಿ ಬಿಗಿದ ಕೂಲರ್ ಇಳಿಯುವುದಿಲ್ಲ. ಮಂಚವನ್ನೇ ಒಂದು ಗೇಣು ಎತ್ತರಿಸಬೇಕು. ಎತ್ತರದ ಮಂಚದಿಂದ ಏಳುವುದು ಕೂರುವುದು ಬಸುರಿಗೂ ಸುಲಭ ಎಂದು ಮಹಾದೇವಮ್ಮ ಒಪ್ಪಿದಳು. ಹಿತ್ತಲಿನಲ್ಲಿ ಮೂರು ದಪ್ಪ ಕಲ್ಲು ಸಿಕ್ಕವು, ಮೂರು ಕಾಲಿಗೆ ಆಯಿತು. ನಾಲ್ಕನೆಯದಕ್ಕೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

“ಈ ಬಿಸಲಾಗ ಎಲ್ಲಿ ಹೊಂಟ್ರಿ? ಮನ್ಯಾಗೇ ಅದಾ ಅಲ್ಲ!” ಎಂದಳು ಮಹಾದೇವಮ್ಮ. ನಾನು ತಡೆಯುವಷ್ಟರಲ್ಲಿ ಬೇವಿನ ಬುಡದಿಂದ ಪೆಟ್ಟಿಗೆಯನ್ನು ಉರುಳಿಸಿಕೊಂಡು ಬಂದು ನಾಲ್ಕನೆಯ ಕಾಲಿನ ಕೆಳಗೆ ಸರಿಸಿಬಿಟ್ಟಳು. ಎತ್ತರ ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಜಗದೇವಿ ಮಲಗಿದಳು. ಖಸ್ ತಟ್ಟಿಯ ಗಾಳಿ ಈಗ ಅವಳ ಮುಖದ ಮೇಲೆಯೇ ಹಾದು, ಕೂದಲನ್ನು ಅಲುಗಿಸಿ ಹೋಯಿತು. “ಹಾ...” ಎಂದು ಕಣ್ಣು ಮುಚ್ಚಿದವಳು ಅಲ್ಲೇ ನಿದ್ದೆ ಹೋದಳು. ನಾನು ಖಾಲಿ ಕೊಡ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತೆ. ಹಲಗೆ, ಚಿಪ್ಪು ಯಾವುದೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಸೂಗಮ್ಮನವರು ಬಂದರು. ಮಂಚ ನೋಡಿದರು, ಕೈಯಿಂದ ಒತ್ತಿದರು, ಅಲುಗಾಡಿಸಿ ನೋಡಿದರು. ಕಲ್ಲಿನ ಮೇಲಿನ ಮೂರು ಕಾಲು ಸ್ವಲ್ಪ ಕಿರ್ರೆಂದವು. ನಾಲ್ಕನೆಯದು ಕಮಕ್ ಅನ್ನಲಿಲ್ಲ. ಅವರು ಬಗ್ಗಿ ನೋಡಿದರು.

“ಇದೇನ್ರಿ ಬೀಗರ, ಗುಂಡಿ ಗುಂಡಿ ಅವ?”

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. “ಕಂಪ್ಯೂಟರ್ ರೀ” ಎಂದೆ.

“ಹೌದೇನು! ಹೆಸರ ಕೇಳಿದ್ದೆ, ನೋಡಿರಲಿಲ್ಲ” ಎಂದು ಸೂಗಮ್ಮನವರು ಗೌರವದಿಂದ ಇನ್ನೊಮ್ಮೆ ಮಂಚ ಅಲುಗಿಸಿ ನೋಡಿದರು. “ಭಾಳ ಗಟ್ಟಿ ಅದಾ ಬಿಡ್ರಿ. ಚಿಂಚೋಳ್ಯಾಗ ನಮ್ಮ ಮಂಚಾನೂ ಅಲಗಾಡ್ತದ. ಹೆಂಗೂ ತೊಟ್ಟಲ ಆಗೋ ತನಕ ನೀವು ಖಾಲಿನೇ ಇರ್ತೀರಿ, ನಮಗೂ ಒಂದು ನಾಕ ಮಾಡಿ ಕೊಡ್ರಿ.”